ಜನರೇಟರ್‌ಗೆ ಸಿಗುವುದು ಎರಡೇ ಗಂಟೆ: ಮೋಟರ್‌ಹೋಮ್ ಬ್ಯಾಟರಿ ಚಾರ್ಜ್ ಮಾಡುವ ಕ್ರಮ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿ (ದಕ್ಷಿಣದ ಅಂಚಿನಲ್ಲಿ) ಮಾಥರ್ ಕ್ಯಾಂಪ್‌ಗ್ರೌಂಡ್ ಇದೆ. ಅಲ್ಲಿ ಕರೆಂಟ್ ಹುಕಪ್, ಅಂದರೆ ಗಾಡಿಗೆ ಹೊರಗಿನ ಕರೆಂಟ್ ಜೋಡಿಸುವ ವ್ಯವಸ್ಥೆ, ಇಲ್ಲ. ಜನರೇಟರ್ ಹಾಕಲು ಬೆಳಗ್ಗೆ 7ರಿಂದ 9, ಸಂಜೆ 6ರಿಂದ 8, ಅಷ್ಟೇ ಸಮಯ. ಯೊಸೆಮಿಟಿಯಲ್ಲಿ ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಬಿಡುತ್ತಾರೆ, ಅದೂ ಮಿತವಾಗಿ ಬಳಸಿ ಎನ್ನುತ್ತಾರೆ. ಈ ಹೊತ್ತುಗಳು ಆಗಾಗ ಬದಲಾಗುತ್ತವೆ, ಗೇಟಿನ ಬೋರ್ಡ್ ಓದಿಕೊಂಡೇ ಒಳಗೆ ಹೋಗಿ. ಸದ್ದಿಗೂ ಮಿತಿ ಇದೆ: ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಿಂದ ಅಳೆದರೆ 60 ಡೆಸಿಬೆಲ್ ಮೀರಬಾರದು.

ಬೇಸಿಗೆ ರಜೆಯಲ್ಲಿ ಅಮೆರಿಕದಲ್ಲಿರುವ ನಮ್ಮವರು ಎಷ್ಟೋ ಜನ ಆರ್‌ವಿ (ಮಲಗಲು, ಅಡುಗೆಗೆ ಜಾಗ ಇರುವ ಮೋಟರ್‌ಹೋಮ್) ಬಾಡಿಗೆಗೆ ತಗೊಂಡು ಈ ಕಡೆ ಹೊರಡುತ್ತಾರೆ. ಕೆಲವರು ಸ್ವಂತದ್ದೇ ಕೊಂಡಿದ್ದಾರೆ. ಇವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಗಾಡಿಯಲ್ಲಿ 4000 ವ್ಯಾಟ್ ಜನರೇಟರ್ ಇದೆ. ಒಂದು ಗಂಟೆ ಓಡಿಸಿದರೆ ಬ್ಯಾಟರಿ ಫುಲ್ ಆಗಬೇಕಲ್ವಾ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಗೊತ್ತಾದರೆ, ಸಿಗುವ ಎರಡು ಗಂಟೆಯನ್ನು ಸರಿಯಾಗಿ ಬಳಸಿಕೊಳ್ಳಬಹುದು.

ಚಾರ್ಜ್ ಮಾಡುವುದು ಜನರೇಟರ್ ಅಲ್ಲ

ಜನರೇಟರ್ ಕೊಡುವುದು 120 ವೋಲ್ಟ್ ಎಸಿ ಕರೆಂಟ್. ಅದು ಟ್ರಾನ್ಸ್‌ಫರ್ ಸ್ವಿಚ್ (ಹೊರಗಿನ ಕರೆಂಟ್, ಜನರೇಟರ್ ಎರಡರಲ್ಲಿ ಒಂದನ್ನು ತಾನೇ ಆರಿಸುವ ಸ್ವಿಚ್) ದಾಟಿ ಗಾಡಿಯ ಬ್ರೇಕರ್ ಪ್ಯಾನೆಲ್‌ಗೆ ಹೋಗುತ್ತದೆ. ಅಲ್ಲಿಂದ ಕನ್ವರ್ಟರ್ ಅನ್ನುವ ಪೆಟ್ಟಿಗೆಗೆ. ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡಿ ಕೊಡುವುದು ಈ ಪೆಟ್ಟಿಗೆ. ಮನೆಯ ಇನ್ವರ್ಟರ್ ಪೆಟ್ಟಿಗೆಯಲ್ಲಿ ಚಾರ್ಜರ್ ಸೇರಿಕೊಂಡೇ ಇರುತ್ತದಲ್ಲ, ಹಾಗೆ ದೊಡ್ಡ ಗಾಡಿಗಳಲ್ಲಿ ಇನ್ವರ್ಟರ್-ಚಾರ್ಜರ್ ಒಟ್ಟಿಗೇ ಇರುವುದೂ ಉಂಟು.

ಕನ್ವರ್ಟರ್ ಮೇಲಿನ ಲೇಬಲ್ ನೋಡಿ. 45 ಆಂಪ್, 55 ಆಂಪ್, ಹೀಗೆ ಏನೋ ಬರೆದಿರುತ್ತದೆ. ನಿಮ್ಮ ಲೆಕ್ಕವೆಲ್ಲ ಈ ಸಂಖ್ಯೆಯ ಮೇಲೆ ನಿಂತಿದೆ. 55 ಆಂಪ್ ಕನ್ವರ್ಟರ್ 14.4 ವೋಲ್ಟ್‌ನಲ್ಲಿ ಪೂರ್ತಿ ಕೆಲಸ ಮಾಡಿದರೂ ಬ್ಯಾಟರಿಗೆ ಸಿಗುವುದು 800 ವ್ಯಾಟ್‌ಗಿಂತ ಸ್ವಲ್ಪ ಕಮ್ಮಿ. ಜನರೇಟರ್ 4000 ವ್ಯಾಟ್ ಇರಲಿ, 8000 ಇರಲಿ, ಬ್ಯಾಟರಿಗೆ ಅದರಿಂದ ಏನೂ ಜಾಸ್ತಿ ಸಿಗುವುದಿಲ್ಲ. ಉಳಿದ ಶಕ್ತಿ ಸುಮ್ನೆ ಸದ್ದು ಮಾಡಿಕೊಂಡು ಕೂತಿರುತ್ತದೆ.

ಇಲ್ಲಿ ಇನ್ನೊಂದು ವಿಷಯ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಚಿಕ್ಕ ಮತ್ತು ಹಳೆಯ ಗಾಡಿಗಳಲ್ಲಿ, ಟ್ರಾನ್ಸ್‌ಫರ್ ಸ್ವಿಚ್ ಇರುವುದಿಲ್ಲ. ಹೊರಗಿನ ಕರೆಂಟ್‌ಗೆ ಹಾಕುವ ದಪ್ಪ ಕೇಬಲ್ ಇದೆಯಲ್ಲ, ಅದನ್ನೇ ತಂದು ಗಾಡಿಯೊಳಗಿನ ಜನರೇಟರ್ ಸಾಕೆಟ್‌ಗೆ ಚುಚ್ಚಬೇಕು. ಚುಚ್ಚದೆ ಜನರೇಟರ್ ಓಡಿಸಿದರೆ ಪೆಟ್ರೋಲ್ ಖಾಲಿಯಾಗುತ್ತದೆಯೇ ಹೊರತು ಬ್ಯಾಟರಿಗೆ ಒಂದು ಹನಿಯೂ ಹೋಗುವುದಿಲ್ಲ. ಬಾಡಿಗೆ ಗಾಡಿ ತಗೊಳ್ಳುವಾಗ ಮರೆಯದೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ನಿಮ್ಮ ಬ್ಯಾಟರಿ ಯಾವುದು, ಈಗ ಎಷ್ಟಿದೆ?

ಗಾಡಿಯಲ್ಲಿ ಎರಡು ಥರದ ಬ್ಯಾಟರಿ ಇರುತ್ತವೆ. ಇಂಜಿನ್ ಸ್ಟಾರ್ಟ್ ಮಾಡುವ ಚಾಸಿ ಬ್ಯಾಟರಿ ಒಂದು. ಒಳಗಿನ ದೀಪ, ನೀರಿನ ಪಂಪು, ಗಾಡಿ ಬೆಚ್ಚಗಿಡುವ ಫರ್ನೇಸ್‌ನ ಫ್ಯಾನ್ ಓಡಿಸುವ ಹೌಸ್ ಬ್ಯಾಟರಿ ಇನ್ನೊಂದು. ನಾವು ಮಾತಾಡುತ್ತಿರುವುದು ಹೌಸ್ ಬ್ಯಾಟರಿಯ ಬಗ್ಗೆ. ಜನರೇಟರ್ ಓಡುವಾಗ ಚಾಸಿ ಬ್ಯಾಟರಿ ಕೂಡ ಚಾರ್ಜ್ ಆಗುತ್ತದೆ ಅಂತ ನಂಬಿ ಕೂರಬೇಡಿ. ಎಷ್ಟೋ ಗಾಡಿಗಳಲ್ಲಿ ಆಗುವುದಿಲ್ಲ.

ಹೌಸ್ ಬ್ಯಾಟರಿ ಆಸಿಡ್ ಬ್ಯಾಟರಿಯಾದರೆ, ನೆಚ್ಚಿನ ಜೋಡಣೆ ಅಂದರೆ ಗಾಲ್ಫ್ ಕಾರ್ಟ್‌ನ 6 ವೋಲ್ಟ್ ಬ್ಯಾಟರಿ ಎರಡು. ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್, ಸುಮಾರು 220 ಆಂಪ್-ಅವರ್ (ಒಂದು ಆಂಪ್ ಒಂದು ಗಂಟೆ ಎಳೆದರೆ ಒಂದು ಆಂಪ್-ಅವರ್). ಇದರಲ್ಲಿ ಅರ್ಧ ಮಾತ್ರ ನಿಮ್ಮದು ಅಂದುಕೊಳ್ಳಿ. ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ.

ಎಷ್ಟಿದೆ ಅಂತ ನೋಡಲು ಬಾಗಿಲ ಹತ್ತಿರದ ಪ್ಯಾನೆಲ್‌ನ ನಾಲ್ಕು ದೀಪಗಳನ್ನು ನೆಚ್ಚಬೇಡಿ. ಅಗ್ಗದ ಒಂದು ಮಲ್ಟಿಮೀಟರ್ ಸಾಕು. ಬೆಳಗ್ಗೆ, ಸೋಲಾರ್‌ಗೆ ಬಿಸಿಲು ಬೀಳುವ ಮುಂಚೆ, ಫರ್ನೇಸ್ ಮತ್ತು ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಬ್ಯಾಟರಿಯ ತುದಿಗಳಲ್ಲೇ ಅಳೆಯಿರಿ. 12.7 ವೋಲ್ಟ್ ಇದ್ದರೆ ತುಂಬಿದೆ. 12.5 ಅಂದರೆ ಸುಮಾರು ಶೇ 80. 12.1-12.2 ಅಂದರೆ ಅರ್ಧ. 12.0ಕ್ಕಿಂತ ಕೆಳಗೆ ಹೋಗಿದ್ದರೆ ಇವತ್ತು ಕಾಫಿಗಿಂತ ಮುಂಚೆ ಜನರೇಟರ್ ಹಾಕಿ.

ಶಂಟ್ (ಬ್ಯಾಟರಿಯ ವೈರ್‌ನಲ್ಲಿ ಹರಿಯುವ ಕರೆಂಟ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿಸಿಕೊಂಡರೆ ಈ ಕಷ್ಟವೇ ಇಲ್ಲ. ಒಳಗೆ ಎಷ್ಟು ಆಂಪ್ ಹೋಯಿತು, ಹೊರಗೆ ಎಷ್ಟು ಬಂತು ಅಂತ ಅದೇ ಲೆಕ್ಕ ಇಡುತ್ತದೆ. ಸೋಲಾರ್‌ಗಿಂತ ಮೊದಲು ಕೊಳ್ಳಬೇಕಾದ್ದು ಇದು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಬೇಗ, ಆಮೇಲೆ ನಿಧಾನ

ಆಸಿಡ್ ಬ್ಯಾಟರಿ ಒಂದೇ ವೇಗದಲ್ಲಿ ತುಂಬುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಖಾಲಿ ಬಸ್ ಬಂದು ನಿಂತಾಗ ಮೊದಲ ನಲವತ್ತು ಜನ ಒಂದೇ ಏಟಿಗೆ ಹತ್ತಿಬಿಡುತ್ತಾರೆ. ಆಮೇಲಿನ ಒಬ್ಬೊಬ್ಬರಿಗೂ ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಕೂಗಬೇಕು. ಬ್ಯಾಟರಿಯಲ್ಲೂ ಹೀಗೇ.

ಮೊದಲ ಹಂತದ ಹೆಸರು ಬಲ್ಕ್. ಚಾರ್ಜರ್ ಕೊಟ್ಟಷ್ಟನ್ನೂ ಬ್ಯಾಟರಿ ತಗೊಳ್ಳುತ್ತದೆ. ವೋಲ್ಟೇಜ್ ನಿಧಾನವಾಗಿ ಏರುತ್ತಾ 14.4ರ ಆಸುಪಾಸು ಬರುತ್ತದೆ. ಅಷ್ಟರಲ್ಲಿ ಬ್ಯಾಟರಿ ಶೇ 75ರಿಂದ 85ರವರೆಗೆ ತುಂಬಿರುತ್ತದೆ. ಅಲ್ಲಿಂದ ಅಬ್ಸಾರ್ಪ್ಷನ್. ವೋಲ್ಟೇಜ್ ಹಾಗೇ ನಿಲ್ಲುತ್ತದೆ, ಆಂಪ್ ಇಳಿಯುತ್ತಾ ಹೋಗುತ್ತದೆ. 50 ಇದ್ದದ್ದು 30, 30 ಇದ್ದದ್ದು 15, ಕೊನೆಗೆ 5. ಈ ಕೊನೆಯ ಭಾಗ ತುಂಬಲು ನಾಲ್ಕೈದು ಗಂಟೆ ಬೇಕು. ಆಮೇಲೆ ಫ್ಲೋಟ್, 13.2ರಿಂದ 13.6 ವೋಲ್ಟ್, ತುಂಬಿದ್ದನ್ನು ಹಾಗೇ ಉಳಿಸಿಕೊಳ್ಳಲು.

ಬ್ಯಾಟರಿಗೆ 5 ಆಂಪ್ ಕೊಡಲು 4000 ವ್ಯಾಟ್ ಜನರೇಟರ್ ಓಡಿಸುವುದು ದುಡ್ಡಿಗೂ ದಂಡ, ಪಕ್ಕದ ಟೆಂಟಿನವರ ಕಿವಿಗೂ ದಂಡ. ಹಾಗಾಗಿ ಜನರೇಟರ್‌ನ ಕೆಲಸ ಬಲ್ಕ್ ಮಾತ್ರ. ಕೊನೆಯ ಭಾಗವನ್ನು ಸೋಲಾರ್‌ಗೆ ಬಿಡಿ, ಅಥವಾ ಮುಂದಿನ ಊರಿನ ಹುಕಪ್‌ಗೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಸೋಲಾರ್ ಇರುವವರು ಜನರೇಟರನ್ನು ಬೆಳಗ್ಗೆಯೇ ಹಾಕಬೇಕು. "ಬಿಸಿಲಿಗೆ ಎಷ್ಟಾಗುತ್ತೋ ನೋಡೋಣ, ಕಮ್ಮಿ ಬಿದ್ದರೆ ಸಂಜೆ ಜನರೇಟರ್" ಅಂತ ಅನೇಕರು ಮಾಡುತ್ತಾರೆ. ಆಗ ಬಿಸಿಲು ಬಲ್ಕ್ ಮಾಡಿ ಮುಗಿಸಿರುತ್ತದೆ. ಸಂಜೆ ಜನರೇಟರ್ ಪಾಲಿಗೆ ಬರುವುದು ಆ ಹನಿ ಹನಿ ಕೆಲಸ. ಬೆಳಗ್ಗೆ ಎರಡು ಗಂಟೆ ಜನರೇಟರ್, ಆಮೇಲೆ ದಿನವಿಡೀ ಸೋಲಾರ್ ಪ್ಯಾನೆಲ್. ಈ ಕ್ರಮದಲ್ಲಿ ಮಾತ್ರ ಆಸಿಡ್ ಬ್ಯಾಟರಿ ಸಂಜೆಗೆ ನಿಜವಾಗಿ ತುಂಬುವ ಸಾಧ್ಯತೆ ಇದೆ. ಮಾಥರ್‌ನಲ್ಲಿ ಪೈನ್ ಮರಗಳ ನೆರಳು ಇದೆ, ಅಲ್ಲಿ ಪ್ಯಾನೆಲ್‌ನಿಂದ ಜಾಸ್ತಿ ನಿರೀಕ್ಷಿಸಬೇಡಿ.

ಒಂದು ಲೆಕ್ಕ

ರಾತ್ರಿ ಚಳಿ. ಫರ್ನೇಸ್ ಫ್ಯಾನ್ 7-8 ಆಂಪ್ ಎಳೆಯುತ್ತದೆ. ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೆ ಸುಮಾರು 40 ಆಂಪ್-ಅವರ್. ಎಲ್‌ಇಡಿ ದೀಪ, ನೀರಿನ ಪಂಪು, ಗ್ಯಾಸ್ ಫ್ರಿಜ್‌ನ ಸರ್ಕ್ಯೂಟ್, ಫೋನ್ ಚಾರ್ಜ್, ಎಲ್ಲ ಸೇರಿ ಇನ್ನೊಂದು 25. ಬೆಳಗ್ಗೆಗೆ 65 ಆಂಪ್-ಅವರ್ ಖಾಲಿ.

55 ಆಂಪ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಿದರೆ, ಒಳಗಿನ ಖರ್ಚು ಕಳೆದು ಬ್ಯಾಟರಿಗೆ 50 ಹೋಗುತ್ತದೆ ಅಂತಿಟ್ಟುಕೊಳ್ಳಿ. ಬ್ಯಾಟರಿ ಅರ್ಧದಲ್ಲಿದ್ದರೆ ಮೊದಲ ಒಂದೂಕಾಲು ಗಂಟೆಯಲ್ಲಿ 60ರಷ್ಟು ಸೇರುತ್ತದೆ. ಉಳಿದ ಮುಕ್ಕಾಲು ಗಂಟೆಯಲ್ಲಿ ಆಂಪ್ ಇಳಿಯುತ್ತಿರುತ್ತದೆ, ಆದರೂ 15-20 ಸೇರುತ್ತದೆ. ಅಂದರೆ ಎರಡು ಗಂಟೆಗೆ ಅರ್ಧದಿಂದ ಶೇ 80-85ಕ್ಕೆ ಬಂದಿರಿ. ರಾತ್ರಿಯ ಖರ್ಚು ವಾಪಸ್ ಬಂತು. ಪೆಟ್ರೋಲ್ ಹೆಚ್ಚುಕಮ್ಮಿ ಒಂದು ಗ್ಯಾಲನ್.

ಇಷ್ಟರಲ್ಲಿ ಮೂರ್ನಾಲ್ಕು ದಿನ ಆರಾಮಾಗಿ ಕಳೆಯಬಹುದು. ಆದರೆ ವಾರಗಟ್ಟಲೆ ಶೇ 50 ಮತ್ತು 85ರ ನಡುವೆಯೇ ಆಡಿಸುತ್ತಿದ್ದರೆ ಆಸಿಡ್ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಲೇಬೇಕು. ಬಿಎಲ್‌ಎಂ (ಅಮೆರಿಕ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ) ಜಾಗದಲ್ಲಿ 14 ದಿನ ಉಳಿಯುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

ಬೆಳಗಿನ ಕ್ರಮ

1. ಮೊದಲು ಹೊರಗೆ ಇಳಿದು ಜನರೇಟರ್‌ನ ಸೈಲೆನ್ಸರ್ ಎಲ್ಲಿದೆ ನೋಡಿ. ಅದರ ಕೆಳಗೆ ಒಣ ಹುಲ್ಲು ಇರಬಾರದು, ಬೆಂಕಿ ಹತ್ತುತ್ತದೆ. ಎದುರಿಗೆ ಗೋಡೆ, ದಿಬ್ಬ, ಹಿಮದ ರಾಶಿ ಇದ್ದರೆ ಹೊಗೆ ತಿರುಗಿ ಗಾಡಿಯ ಕೆಳಗೇ ಬರುತ್ತದೆ. ಆ ಕಡೆಯ ಕಿಟಕಿ ಮುಚ್ಚಿ. ಪಕ್ಕದವರ ಟೆಂಟ್ ಆ ದಿಕ್ಕಿನಲ್ಲಿದ್ದರೆ ಗಾಡಿಯ ಮೂತಿ ತಿರುಗಿಸಿ.

2. ಕಾರ್ಬನ್ ಮಾನಾಕ್ಸೈಡ್ ಅಲಾರಂನ ಟೆಸ್ಟ್ ಗುಂಡಿ ಒತ್ತಿ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋವು, ಓಕರಿಕೆ ಬಂದರೆ ಎತ್ತರದ ಜಾಗದ ಸುಸ್ತು ಅಂತ ತಳ್ಳಿಹಾಕಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಅಲಾರಂಗೂ ಆಯಸ್ಸು ಇದೆ, ಹಿಂದೆ ಬರೆದ ತಾರೀಕು ನೋಡಿ. ಜನರೇಟರ್ ಓಡುತ್ತಿರುವಾಗ ಯಾರೂ ಮಲಗಿರಬಾರದು. ಇದರಲ್ಲಿ ರಿಯಾಯಿತಿ ಬೇಡ.

3. ಆಯಿಲ್ ನೋಡಿ, ಇಂಧನ ನೋಡಿ. ಗಾಡಿಯ ಟ್ಯಾಂಕಿನಿಂದಲೇ ಜನರೇಟರ್ ಕುಡಿಯುತ್ತದೆ. ಟ್ಯಾಂಕ್ ಸುಮಾರು ಕಾಲು ಭಾಗಕ್ಕೆ ಬಂದಾಗ ಅದು ತಾನಾಗಿ ನಿಲ್ಲುವ ಹಾಗೆ ಕೊಳವೆ ಇಟ್ಟಿರುತ್ತಾರೆ, ನೀವು ಕಾಡಿನಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ. "ಕೆಟ್ಟುಹೋಯಿತು" ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಪೆಟ್ರೋಲ್ ಮುಳ್ಳು ನೋಡಿ.

4. ಏರ್ ಕಂಡಿಷನರ್ (ಎಸಿ), ಮೈಕ್ರೋವೇವ್, ನೀರು ಕಾಯಿಸುವ ಎಲೆಕ್ಟ್ರಿಕ್ ಸ್ವಿಚ್, ಎಲ್ಲ ಆಫ್ ಮಾಡಿ. ಇನ್ವರ್ಟರ್ ಬೇರೆ ಇದ್ದರೆ ಅದನ್ನೂ ಆಫ್ ಮಾಡಿ.

5. ಓನನ್ ಕಂಪನಿಯ ಜನರೇಟರ್ ಆದರೆ ಸ್ಟಾಪ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಇಂಧನ ಮೇಲೆ ಬರುತ್ತದೆ. ಆಮೇಲೆ ಸ್ಟಾರ್ಟ್ ಒತ್ತಿ. ಹಿಡಿಯಲಿಲ್ಲ ಅಂತ ಒಂದೇ ಸಮ ತಿರುಗಿಸಬೇಡಿ. ಬಿಟ್ಟು, ಸ್ವಲ್ಪ ಹೊತ್ತು ಕಾದು, ಮತ್ತೆ ಒತ್ತಿ.

ಇಲ್ಲೊಂದು ತಮಾಷೆಯ ತೊಂದರೆ ಇದೆ. ಜನರೇಟರ್ ಸ್ಟಾರ್ಟ್ ಆಗಲು ಬೇಕಾದ ಕರೆಂಟ್ ಸಾಮಾನ್ಯವಾಗಿ ಹೌಸ್ ಬ್ಯಾಟರಿಯಿಂದಲೇ ಬರುತ್ತದೆ. ಬ್ಯಾಟರಿ ಸತ್ತಿದ್ದರೆ ಅದನ್ನು ಬದುಕಿಸಬೇಕಾದ ಜನರೇಟರ್ ಏಳುವುದೇ ಇಲ್ಲ. ಅದಕ್ಕೆ ಡ್ಯಾಶ್‌ಬೋರ್ಡ್ ಹತ್ತಿರ ಬೂಸ್ಟ್ ಅಥವಾ ಆಕ್ಸ್ ಸ್ಟಾರ್ಟ್ ಅಂತ ಒಂದು ಸ್ವಿಚ್ ಇರುತ್ತದೆ. ಗಾಡಿಯ ಇಂಜಿನ್ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಡಿ. ಆ ಸ್ವಿಚ್ ಒತ್ತಿ ಹಿಡಿದುಕೊಂಡೇ ಜನರೇಟರ್ ಸ್ಟಾರ್ಟ್ ಮಾಡಿ. ಒಬ್ಬರು ಒತ್ತಿ ಹಿಡಿದರೆ ಇನ್ನೊಬ್ಬರು ಸ್ಟಾರ್ಟ್ ಮಾಡುವುದು ಸುಲಭ.

6. ಎರಡು ಮೂರು ನಿಮಿಷ ಲೋಡ್ ಇಲ್ಲದೆ ಬಿಸಿಯಾಗಲಿ. ಟ್ರಾನ್ಸ್‌ಫರ್ ಸ್ವಿಚ್ ಸ್ವಲ್ಪ ತಡಮಾಡಿ 'ಟಕ್' ಅನ್ನುತ್ತದೆ. ಮೈಕ್ರೋವೇವ್‌ನ ಗಡಿಯಾರ ಹತ್ತಿಕೊಂಡರೆ ಪ್ಯಾನೆಲ್‌ಗೆ ಕರೆಂಟ್ ಬಂತು ಅಂತ ಅರ್ಥ.

7. ಈಗ ಮಲ್ಟಿಮೀಟರ್ ತಗೊಂಡು ಬ್ಯಾಟರಿಯ ತುದಿಗೆ ಹಿಡಿಯಿರಿ. 12.2 ಇದ್ದದ್ದು 13 ದಾಟಿ ನಿಧಾನಕ್ಕೆ ಏರುತ್ತಿದ್ದರೆ ಚಾರ್ಜ್ ಆಗುತ್ತಿದೆ. ಅಲ್ಲಾಡದೆ 12.2ರಲ್ಲೇ ಇದ್ದರೆ ಕನ್ವರ್ಟರ್ ಬ್ರೇಕರ್, ಫ್ಯೂಸ್, ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್, ಈ ಮೂರನ್ನು ನೋಡಿ. ಡಿಸ್ಕನೆಕ್ಟ್ ಸ್ವಿಚ್ ಆಫ್ ಇದ್ದರೆ ಎಷ್ಟೋ ಗಾಡಿಗಳಲ್ಲಿ ಚಾರ್ಜ್ ಹೋಗುವುದೇ ಇಲ್ಲ.

8. ಈ ಹೊತ್ತಿನಲ್ಲೇ ಕರೆಂಟ್‌ನ ಅಡುಗೆ ಮುಗಿಸಿಕೊಳ್ಳಿ. ಇಂಡಕ್ಷನ್ ಮೇಲೆ ಕುಕ್ಕರ್ ಇಡಬಹುದು, ಚಟ್ನಿ ರುಬ್ಬಬಹುದು. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ನಡೆಯುವುದಿಲ್ಲ, 110-120 ವೋಲ್ಟ್‌ನದ್ದೇ ಬೇಕು. ಹೇಗೂ ಜನರೇಟರ್ ಖಾಲಿ ಕೂತಿದೆ, ಅದಕ್ಕೂ ಸ್ವಲ್ಪ ಲೋಡ್ ಇದ್ದರೆ ಒಳ್ಳೆಯದೇ. ಎಸಿ, ಇಂಡಕ್ಷನ್, ಮೈಕ್ರೋವೇವ್ ಮೂರನ್ನೂ ಒಟ್ಟಿಗೆ ಹಾಕಿದರೆ ಮಾತ್ರ ಬ್ರೇಕರ್ ಬೀಳುತ್ತದೆ.

9. ನಿಲ್ಲಿಸುವ ಮುಂಚೆ ಲೋಡ್ ಎಲ್ಲ ತೆಗೆದು ಮತ್ತೆ ಎರಡು ಮೂರು ನಿಮಿಷ ಸುಮ್ನೆ ಓಡಲಿ, ತಣ್ಣಗಾಗುತ್ತದೆ. ನಿಲ್ಲಿಸಿದ ತಕ್ಷಣ ವೋಲ್ಟೇಜ್ ನೋಡಿ ಖುಷಿಪಡಬೇಡಿ. ಅದು ಮೇಲ್ಮೈ ಚಾರ್ಜ್, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಎರಡು ಗಂಟೆ ಓಡಿಸಿದರೂ ತುಂಬುತ್ತಿಲ್ಲ ಅಂದರೆ

ಬಹಳಷ್ಟು ಸಲ ತಪ್ಪು ಬ್ಯಾಟರಿಯದ್ದಲ್ಲ. ಕನ್ವರ್ಟರ್ 14.4ಕ್ಕೆ ಏರದೆ 13.6ರಲ್ಲೇ ನಿಂತುಬಿಡುತ್ತದೆ. ಹಳೆಯ ಪೆಟ್ಟಿಗೆಗಳು ಮಾಡಿದ್ದೇ ಹಾಗೆ. ಹೊಸದರಲ್ಲೂ ಕೆಲವು ಬಲ್ಕ್‌ಗೆ ಹೋಗಲು ತಕರಾರು ಮಾಡುತ್ತವೆ. 13.6ರಲ್ಲಿ ಬ್ಯಾಟರಿ ಬೇಗನೆ "ಸಾಕು" ಅನ್ನುತ್ತದೆ, ಆಂಪ್ ಇಳಿದುಬಿಡುತ್ತದೆ. ರಾತ್ರಿಯಿಡೀ ಹುಕಪ್‌ನಲ್ಲಿ ಇದ್ದರೆ ಇದು ತೊಂದರೆಯೇ ಅಲ್ಲ. ಎರಡು ಗಂಟೆಯ ಜನರೇಟರ್‌ಗೆ ದೊಡ್ಡ ತೊಂದರೆ.

ಪತ್ತೆ ಮಾಡುವುದು ಸುಲಭ. ಚಾರ್ಜ್ ಆಗುತ್ತಿರುವಾಗ ಒಮ್ಮೆ ಕನ್ವರ್ಟರ್‌ನ ತುದಿಯಲ್ಲಿ ಅಳೆಯಿರಿ, ಒಮ್ಮೆ ಬ್ಯಾಟರಿಯ ತುದಿಯಲ್ಲಿ. ಎರಡೂ ಕಡೆ 13.6ರಲ್ಲೇ ನಿಂತಿದ್ದರೆ ಕನ್ವರ್ಟರ್ ಸೋಮಾರಿ. ಕನ್ವರ್ಟರ್ ಹತ್ತಿರ 14.4 ಇದ್ದು ಬ್ಯಾಟರಿ ಹತ್ತಿರ 13.7 ಇದ್ದರೆ ನಡುವಿನ ವೈರ್ ತೆಳು, ಅಥವಾ ತುದಿಗಳಿಗೆ ಹಸಿರು-ಬಿಳಿ ಪುಡಿ ಹಿಡಿದಿದೆ. ಅಡುಗೆ ಸೋಡಾ ನೀರಿನಲ್ಲಿ ಉಜ್ಜಿ ತೊಳೆಯಿರಿ, ಬಿಗಿ ಮಾಡಿ. ವೈರ್ ತೆಳುವಾಗಿದ್ದರೆ ದಪ್ಪದ್ದು ಹಾಕಿಸಿ. ಕನ್ವರ್ಟರನ್ನು ಬ್ಯಾಟರಿಯ ಹತ್ತಿರಕ್ಕೇ ತರುವುದು ಇನ್ನೂ ಒಳ್ಳೆಯದು.

ಹೊಸ ಚಾರ್ಜರ್ ಹಾಕಿಸುವುದಾದರೆ ಸಾದಾ ಆಸಿಡ್ ಬ್ಯಾಟರಿಗೆ ಆಂಪ್-ಅವರ್‌ನ ಐದನೇ ಒಂದರಿಂದ ಕಾಲು ಭಾಗ ಸಾಕು. 220ಕ್ಕೆ 45-55. ಅದಕ್ಕಿಂತ ದೊಡ್ಡದು ಹಾಕಿದರೆ ಬ್ಯಾಟರಿ ಬಿಸಿಯಾಗಿ ನೀರು ಬೇಗ ಆರುತ್ತದೆ. ಎಜಿಎಂ (ನೀರು ಹಾಕಬೇಕಿಲ್ಲದ, ಮುಚ್ಚಿದ ಆಸಿಡ್) ಬ್ಯಾಟರಿ ಇದಕ್ಕಿಂತ ಜಾಸ್ತಿ ತಾಳುತ್ತದೆ.

ಇನ್ನೊಂದು ಕಾಣದ ಕಳ್ಳ ಇದ್ದಾನೆ. ಇನ್ವರ್ಟರ್ ಇಡೀ ಪ್ಯಾನೆಲ್‌ಗೆ ಕರೆಂಟ್ ಕೊಡುವ ಹಾಗೆ ಜೋಡಿಸಿದ್ದರೆ, ಜನರೇಟರ್ ಇಲ್ಲದ ಹೊತ್ತಿನಲ್ಲಿ ಕನ್ವರ್ಟರ್ ಕೂಡ ಅದರಿಂದಲೇ ಓಡುತ್ತದೆ. ಬ್ಯಾಟರಿ ತನ್ನನ್ನೇ ಚಾರ್ಜ್ ಮಾಡಿಕೊಳ್ಳಲು ಹೊರಟು ಖಾಲಿಯಾಗುತ್ತದೆ. ಇನ್ವರ್ಟರ್ ಹಾಕುವಾಗ ಕನ್ವರ್ಟರ್‌ನ ಬ್ರೇಕರ್ ಇಳಿಸಿ.

ಕೈಯಲ್ಲಿ ಹಿಡಿದು ಒಯ್ಯುವ ಚಿಕ್ಕ ಜನರೇಟರ್‌ಗಳಲ್ಲಿ 12 ವೋಲ್ಟ್ ಡಿಸಿ ಸಾಕೆಟ್ ಒಂದು ಇರುತ್ತದೆ. ಅದರಿಂದ ಬರುವುದು 8 ಆಂಪ್‌ನಷ್ಟು. ನಮ್ಮ ಕೆಲಸಕ್ಕೆ ಅದು ಬೇಡ. 120 ವೋಲ್ಟ್‌ನಿಂದ ಕನ್ವರ್ಟರ್ ಮೂಲಕವೇ ಹೋಗಿ.

ಲಿಥಿಯಂ ಇದ್ದರೆ ಲೆಕ್ಕವೇ ಬೇರೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೆಚ್ಚುಕಮ್ಮಿ ಕೊನೆಯವರೆಗೂ ಕೊಟ್ಟಷ್ಟನ್ನು ನುಂಗುತ್ತದೆ. 200 ಆಂಪ್-ಅವರ್ ಬ್ಯಾಟರಿ ಶೇ 20ಕ್ಕೆ ಇಳಿದಿದ್ದರೂ 100 ಆಂಪ್ ಚಾರ್ಜರ್‌ನಿಂದ ಎರಡು ಗಂಟೆಯೊಳಗೆ ತುಂಬುತ್ತದೆ. ಜನರೇಟರ್ ಸಮಯ ಕಮ್ಮಿ ಸಿಗುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಪೂರ್ತಿ ತುಂಬದಿದ್ದರೂ ಅದಕ್ಕೆ ಬೇಸರ ಇಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಆಸಿಡ್ ಬ್ಯಾಟರಿ ಹಾಗೇ ಇಟ್ಟುಕೊಂಡು ದೊಡ್ಡ ಜನರೇಟರ್ ಹಾಕಿಸುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ.

ಮೂರು ಎಚ್ಚರಿಕೆ. ಬ್ಯಾಟರಿ 0 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 32 ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬಾರದು. ಒಳ್ಳೆಯ ಬ್ಯಾಟರಿಯ ಬಿಎಂಎಸ್ (ಒಳಗಿನ ಕಾವಲು ಸರ್ಕ್ಯೂಟ್) ತಾನೇ ತಡೆಯುತ್ತದೆ. ಚಳಿಗಾಲದ ಬೆಳಗ್ಗೆ "ಚಾರ್ಜ್ ಹೋಗುತ್ತಿಲ್ಲ" ಅನ್ನುವುದಕ್ಕೆ ಕಾರಣ ಇದೇ ಇರಬಹುದು, ಒಳಗೆ ಬೆಚ್ಚಗಾದ ಮೇಲೆ ಶುರು ಮಾಡಿ. ಎರಡನೆಯದು, ವೋಲ್ಟೇಜ್ ನೋಡಿ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ, ಬಹಳ ಹೊತ್ತು ಒಂದೇ ಕಡೆ ನಿಂತಿರುತ್ತದೆ. ಶಂಟ್ ಬೇಕೇ ಬೇಕು. ಮೂರನೆಯದು, ಚಾರ್ಜರ್‌ಗೆ ಲಿಥಿಯಂ ಸೆಟಿಂಗ್ ಇರಬೇಕು. ಗಾಡಿಯ ಇಂಜಿನ್‌ನ ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ನೇರ ಜೋಡಿಸಿದರೆ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು, ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಎತ್ತರದಲ್ಲಿ ಜನರೇಟರ್ ಏದುಸಿರು ಬಿಡುತ್ತದೆ

ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಯೆಲ್ಲೊಸ್ಟೋನ್‌ನ ಹಲವು ಕ್ಯಾಂಪ್‌ಗ್ರೌಂಡ್‌ಗಳು ಅದಕ್ಕಿಂತಲೂ ಮೇಲೆ. ಗಾಳಿ ತೆಳುವಾದಂತೆ ಜನರೇಟರ್‌ನ ಶಕ್ತಿ ಪ್ರತಿ 1,000 ಅಡಿಗೆ ಸುಮಾರು ಶೇ 3.5 ಇಳಿಯುತ್ತದೆ. 4000 ವ್ಯಾಟ್‌ನದ್ದು 7,000 ಅಡಿಯಲ್ಲಿ ಹತ್ತಿರಹತ್ತಿರ 3,100. ಚಾರ್ಜರ್‌ಗೆ ಇದು ಧಾರಾಳ. ಎಸಿ ಮತ್ತು ಇಂಡಕ್ಷನ್ ಒಟ್ಟಿಗೆ ಹಾಕುವ ಆಸೆ ಮಾತ್ರ ಬಿಡಬೇಕು. ಕಾರ್ಬ್ಯುರೇಟರ್ ಇರುವ ಜನರೇಟರ್‌ನಲ್ಲಿ ಎತ್ತರಕ್ಕೆ ತಕ್ಕ ಹಾಗೆ ತಿರುಗಿಸುವ ಚಿಕ್ಕ ಹಿಡಿಕೆ ಇದ್ದರೆ ಅದನ್ನು ಹೊಂದಿಸಿ. ವಾಪಸ್ ಕೆಳಗೆ ಇಳಿದಾಗ ಮತ್ತೆ ಮೊದಲಿನ ಜಾಗಕ್ಕೆ ತನ್ನಿ.

ಬಳಸದೆ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿ ಕೂರುತ್ತದೆ. ಜನರೇಟರ್ ಕೆಡುವುದು ಓಡಿಸಿದ್ದಕ್ಕಿಂತ ಓಡಿಸದೆ ಇದ್ದದ್ದರಿಂದಲೇ ಜಾಸ್ತಿ. ತಿಂಗಳಿಗೊಮ್ಮೆ ಅರ್ಧ ಲೋಡ್ ಹಾಕಿ ಒಂದೆರಡು ಗಂಟೆ ಓಡಿಸಿ. ಎಸಿ ಹಾಕಿದರೆ ಅರ್ಧ ಲೋಡ್ ಆದ ಹಾಗೇ.

ಬಾಡಿಗೆ ಗಾಡಿಯಾದರೆ ಜನರೇಟರ್‌ನ ಅವರ್ ಮೀಟರ್ ಫೋಟೋ ತೆಗೆದುಕೊಳ್ಳಿ, ತಗೊಳ್ಳುವಾಗ ಒಂದು, ಕೊಡುವಾಗ ಒಂದು. ಅನೇಕ ಕಡೆ ಗಂಟೆ ಲೆಕ್ಕದಲ್ಲಿ ದುಡ್ಡು ಹಾಕುತ್ತಾರೆ. ಸ್ವಂತ ಗಾಡಿಯಾದರೆ ಮನೆಗೆ ಬಂದ ಕೂಡಲೇ ಹೊರಗಿನ ಕರೆಂಟ್‌ಗೆ ಹಾಕಿ, ಪೂರ್ತಿ ಒಂದು ದಿನ ಬಿಡಿ. ತುಂಬಿದ ಮೇಲೆ ಆಸಿಡ್ ಬ್ಯಾಟರಿಯ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಿ. ಚಾರ್ಜ್‌ಗೆ ಮುಂಚೆ ತುಂಬಾ ಹಾಕಿದರೆ ಚಾರ್ಜ್ ಆಗುವಾಗ ಉಕ್ಕಿ ಹೊರಗೆ ಬರುತ್ತದೆ. ತಟ್ಟೆಗಳೇ ಒಣಗಿ ಕಾಣುತ್ತಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ, ಉಳಿದದ್ದು ಆಮೇಲೆ.